ಜಿಟಿಜಿಟಿ ಮಳೆಯಲ್ಲಿ ಕೂಸಿನ ಮೈ

ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡು, ಕರಾವಳಿಯ ಬಾಣಂತಿ ಮನೆಗಳಲ್ಲಿ ಮೊದಲು ಶುರುವಾಗುವುದು ಬಟ್ಟೆಯ ತಾಪತ್ರಯ. ಜಗಲಿಯ ತುಂಬ ಹಗ್ಗ, ಹಗ್ಗದ ತುಂಬ ಲಂಗೋಟಿ, ಒಂದೂ ಒಣಗಿರುವುದಿಲ್ಲ. ಮನೆಮಂದಿಗೆಲ್ಲ ಕೂಸಿಗೆ ಥಂಡಿಯಾದೀತೆಂಬ ಚಿಂತೆ. ಆದರೆ ಈ ಕಾಲದಲ್ಲಿ ಕೂಸಿನ ಚರ್ಮ ಹೆಚ್ಚಾಗಿ ಕೆಡುವುದು ತೇವಕ್ಕೆ. ಗಾಳಿಯಲ್ಲೇ ನೀರು ತುಂಬಿರುವಾಗ ಕತ್ತಿನ ಮಡಿಕೆ, ಕಂಕುಳು, ತೊಡೆಸಂದು ತಾವಾಗಿ ಆರುವುದಿಲ್ಲ. ಒದ್ದೆ ಚರ್ಮಕ್ಕೆ ಚರ್ಮ ಉಜ್ಜಿ ಮೇಲ್ಪದರ ಮೆತ್ತಗಾಗುತ್ತದೆ, ಅಲ್ಲಿ ಶಿಲೀಂಧ್ರ ಬೇರೂರುತ್ತದೆ. ದುಬಾರಿ ಕ್ರೀಮು ಹುಡುಕುವ ಮೊದಲು ಬಟ್ಟೆ ಒಣಗುವ ದಾರಿ ನೋಡಿಕೊಳ್ಳಿ.

ಎಳೆಗೂಸು ದಿನಕ್ಕೆ ಹತ್ತು ಹನ್ನೆರಡು ಲಂಗೋಟಿ ಒದ್ದೆ ಮಾಡುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಕೈಗೆ ಸಿಗುತ್ತದೆ, ಮಳೆಯಲ್ಲಿ ಎರಡು ಮೂರು ದಿನ ಬೇಕು. ಹಾಗಾಗಿ 40 ಲಂಗೋಟಿಯಾದರೂ ಇಲ್ಲದೆ ಸುಧಾರಿಸುವುದು ಕಷ್ಟ. ಹೊಸ ಬಟ್ಟೆಗಿಂತ ಹಳೆಯ ಪಂಚೆ, ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ ವಾಸಿ. ಬೇಗ ಹೀರುತ್ತದೆ, ತೆಳ್ಳಗಿರುವುದರಿಂದ ಬೇಗ ಒಣಗುತ್ತದೆ. ಎರಡಡಿ ಚೌಕಕ್ಕೆ ಕತ್ತರಿಸಿ ಒಂಟಿ ಪದರವಾಗಿಯೇ ಇಟ್ಟು, ಕಟ್ಟುವಾಗ ಮಡಚಿಕೊಳ್ಳಿ. ನಾಲ್ಕು ಪದರ ಸೇರಿಸಿ ಹೊಲಿದದ್ದು ನೋಡಲು ಚೆಂದ, ಅದರ ಒಳಪದರ ಮಾತ್ರ ನವರಾತ್ರಿಯವರೆಗೂ ಒಣಗುವುದಿಲ್ಲ.

ಉಚ್ಚೆ ಬಟ್ಟೆ, ಕಕ್ಕದ ಬಟ್ಟೆ ಎರಡಕ್ಕೂ ಬೇರೆ ಬೇರೆ ಬಕೆಟ್ ಇರಲಿ. ಸೋಪು ಕಡಿಮೆ ಹಾಕಿ, ಬಿಸಿನೀರಿನಲ್ಲಿ ಒಗೆದು, ಮೂರು ಸಲ ಜಾಲಿಸಿ. ಕೊನೆಯ ನೀರಿನಲ್ಲಿ ನೊರೆ ಕಂಡರೆ ಇನ್ನೊಂದು ಸಲ ಜಾಲಿಸಬೇಕು. ಬಟ್ಟೆಯಲ್ಲಿ ಉಳಿದ ಸೋಪು ಉಚ್ಚೆಯಲ್ಲಿ ಕರಗಿ ಎಳೆ ಚರ್ಮವನ್ನು ಸುಡುತ್ತದೆ. ಮುಗ್ಗುಲು ವಾಸನೆ ಹೋಗಲೆಂದು ಪರಿಮಳದ ದ್ರಾವಣ, ಕ್ರಿಮಿನಾಶಕ ಸುರಿಯುವುದೂ ಬೇಡ. ಅವು ಜಾಲಿಸಿದರೂ ಪೂರ್ತಿ ಹೋಗುವುದಿಲ್ಲ.

ಹಿಂಡಿದ ಬಟ್ಟೆಯನ್ನು ಒಂದರ ಮೇಲೊಂದು ಹೇರದೆ, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಫ್ಯಾನಿನ ಕೆಳಗೆ ಹರವಿ. ಕೂಸು ಮಲಗುವ ಕೋಣೆಯಲ್ಲಿ ಹರವಿದರೆ ಆ ತೇವವೆಲ್ಲ ಅದೇ ಕೋಣೆಯ ಗಾಳಿಗೆ ಸೇರುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟುವ ರೂಢಿಯಿದ್ದರೆ ಉರಿ ಇಳಿದು ಕೆಂಡವಾದ ಮೇಲೆ ಹಾಕಿ, ಹೊಗೆಯ ಮಸಿ ಹಿಡಿದ ಬಟ್ಟೆ ಕೂಸಿನ ಮೈಗೆ ಒಗ್ಗದು. ಕೊನೆಗೆ ಇಸ್ತ್ರಿ. ಇಲ್ಲಿ ಹಲವರು ಮೋಸಹೋಗುತ್ತಾರೆ: ಇಸ್ತ್ರಿಯಿಂದ ತೆಗೆದ ಬಟ್ಟೆ ಬಿಸಿಯಾಗಿರುವುದರಿಂದ ಒಣಗಿದೆ ಅನ್ನಿಸುತ್ತದೆ. ಹತ್ತು ನಿಮಿಷ ಹರವಿಟ್ಟು, ಆರಿದ ಮೇಲೆ ಹೊಲಿಗೆಯ ಅಂಚನ್ನು, ಲಾಡಿ ಕಟ್ಟುವ ಜಾಗವನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ಹಸಿ. ಮಡಿಸಿ ಇಡುವುದು ಆಮೇಲೆ.

ಇನ್ನು ಎಣ್ಣೆ ನೀರು. ಮಳೆಯಿದೆಯೆಂದು ದಿನವೂ ಎರೆಯಬೇಕಿಲ್ಲ, ದಿನ ಬಿಟ್ಟು ದಿನ ಸಾಕು. ಉಳಿದ ದಿನ ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಮುಖ, ಕತ್ತು, ಕಂಕುಳು, ಕುಂಡೆ ಒರೆಸಿ. ಎರಡು ಚಮಚ ಕೊಬ್ಬರಿ ಎಣ್ಣೆ ಇಡೀ ಮೈಗೆ ಧಾರಾಳ. ಸಾಸಿವೆ ಎಣ್ಣೆ ಕೆಲವು ಕೂಸುಗಳ ಚರ್ಮವನ್ನು ಕೆರಳಿಸುತ್ತದೆ. ಕಿವಿ, ಮೂಗು, ಹೊಕ್ಕುಳಿಗೆ ಎಣ್ಣೆ ಬಿಡಬೇಡಿ. ಬಳ್ಳಿ ಬೀಳದ ಹೊಕ್ಕುಳಿಗೆ ಏನೂ ಹಚ್ಚದೆ ಒಣಗಲು ಬಿಡುವುದೇ ಆರೈಕೆ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು. ಮೊಣಕೈ ಅದ್ದಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಐದಾರು ನಿಮಿಷದಲ್ಲಿ ಮುಗಿಸಿ. ಕಡಲೆಹಿಟ್ಟು ಹಾಕಿ ತಿಕ್ಕಿದರೆ ಕೂದಲೇನೂ ಉದುರುವುದಿಲ್ಲ, ಚರ್ಮ ಕೆತ್ತಿಹೋಗುತ್ತದೆ. ಹಿಟ್ಟು ಮಡಿಕೆಯಲ್ಲಿ ಕೂತು ಹುಳಿಯುವುದೂ ಉಂಟು.

ಮೀಯಿಸುವುದಕ್ಕಿಂತ ಒರೆಸುವುದರಲ್ಲಿ ಕಸುಬಿದೆ. ಮೊದಲು ತಲೆ. ಆಮೇಲೆ ಕೂಸಿನ ಹೆಗಲ ಕೆಳಗೆ ನಿಮ್ಮ ಅಂಗೈ ಕೊಟ್ಟು, ಬೆರಳುಗಳಿಂದ ತಲೆಗೆ ಆಸರೆ ಕೊಡುತ್ತ ಚೂರೇ ಚೂರು ಹಿಂದಕ್ಕೆ ವಾಲಿಸಿದರೆ ಕತ್ತಿನ ಮಡಿಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಮೊಸರಿನಂತೆ ಬೆಳ್ಳಗೆ ಕೂತಿರುವುದು ಸೋರಿದ ಹಾಲು. ಅದನ್ನು ಒದ್ದೆ ಹತ್ತಿಯಿಂದ ತೆಗೆದು, ಒಣ ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಹಾಗೆಯೇ ಕಿವಿಯ ಹಿಂಭಾಗ, ಕಂಕುಳು, ತೊಡೆಯ ಗೆರೆಗಳು, ಕಾಲ್ಬೆರಳ ಸಂದು. ಮುಷ್ಟಿ ಬಿಡಿಸಿ ನೋಡಿ, ಬಟ್ಟೆಯ ನಾರು ಅಲ್ಲೇ ಸಿಗುತ್ತದೆ. ಕತ್ತಿಗೆ ಪೌಡರ್ ಸುರಿದರೆ ತೇವಕ್ಕೆ ಹಿಟ್ಟಿನಂತೆ ಕಲಸಿಕೊಂಡು ಇನ್ನಷ್ಟು ಉಜ್ಜುತ್ತದೆ, ಅದರ ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು.

ಡೈಪರ್ ಹಾಕುವವರು ಮೂರು ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ತಕ್ಷಣ. ಹೆಣ್ಣುಕೂಸಾದರೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ದಿನಕ್ಕೆ ನಾಲ್ಕೈದು ಸಲ ಹತ್ತು ಹತ್ತು ನಿಮಿಷ ಕುಂಡೆಗೆ ಗಾಳಿಯಾಡಲಿ. ಕೆಂಪಾಗಿದ್ದರೆ ಎಲ್ಲಿ ಕೆಂಪು ಎಂದು ನೋಡಿ. ಉಬ್ಬಿದ ಭಾಗ ಕೆಂಪಾಗಿ ಮಡಿಕೆಯ ಒಳಗೆ ಚರ್ಮ ಚೆನ್ನಾಗಿದ್ದರೆ ಅದು ಸಾಮಾನ್ಯವಾಗಿ ಉಚ್ಚೆಯ ಸುಡಿತ. ಸತುವಿನ ಜಿಂಕ್ ಆಕ್ಸೈಡ್ ಕ್ರೀಮನ್ನು ದಪ್ಪಗೆ ಬಳಿದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಪ್ರತಿ ಸಲವೂ ಪೂರ್ತಿ ಕೆರೆದು ತೆಗೆಯಬೇಕಿಲ್ಲ, ಹೊಲಸಾದಷ್ಟನ್ನು ಒರೆಸಿ ಮೇಲೆ ಮತ್ತೆ ಹಚ್ಚಿ. ಮಡಿಕೆಯ ಆಳದಲ್ಲೇ ಕಡುಕೆಂಪಾಗಿ ಸುತ್ತ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು ಚೆಲ್ಲಿದ್ದರೆ ಶಿಲೀಂಧ್ರ ಹತ್ತಿದೆ ಎನ್ನಿ. ಬಾಯೊಳಗೂ ಒರೆಸಿದರೆ ಹೋಗದ ಬಿಳಿ ಪದರ ಇದೆಯೇ ನೋಡಿ. ಇದಕ್ಕೆ ವೈದ್ಯರು ಬರೆದ ಮುಲಾಮೇ ಬೇಕು. ದೊಡ್ಡವರ ಗಜಕರ್ಣಕ್ಕೆಂದು ತಂದ ಟ್ಯೂಬ್ ಹಚ್ಚುವುದು ದೊಡ್ಡ ತಪ್ಪು. ಅಂಥ ಬಹಳಷ್ಟು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ಕೆಂಪು ಇಳಿದಂತೆ ತೋರಿ, ಒಳಗೊಳಗೇ ಹಬ್ಬಿ, ಚರ್ಮ ಕಾಗದದಂತೆ ತೆಳುವಾಗುತ್ತದೆ.

ಮಳೆಗೆಂದು ಪೆಟ್ಟಿಗೆಯಿಂದ ಹೊರಬರುವ ಕಂಬಳಿ, ಸ್ವೆಟರುಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕಾದ ಮಾತಿದೆ. ನುಸಿಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಕೂಸಿಗೆ ಹೊದಿಸಬೇಡಿ. ಆ ನಾಫ್ತಲೀನ್ ಉಸಿರು, ಚರ್ಮ ಎರಡರಿಂದಲೂ ಒಳಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿನಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ, ಕೊರತೆ ಇದೆಯೆಂದು ಮೊದಲೇ ತಿಳಿದಿರುವುದು ಅಪರೂಪ. ಕರ್ಪೂರ ಕರಗಿಸಿದ ಎಣ್ಣೆಯನ್ನು ಎದೆಗೆ ಹಚ್ಚುವ ಅಭ್ಯಾಸವನ್ನೂ ಬಿಡಿ, ಕರ್ಪೂರ ಎಳೆಗೂಸುಗಳಲ್ಲಿ ಫಿಟ್ಸ್ ಬರಿಸಬಲ್ಲದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಬಾಣಂತಿ, ಕೂಸು ಇಬ್ಬರ ಜೀವಕ್ಕೂ ಅಪಾಯ, ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ. ಸಾಂಬ್ರಾಣಿ ಹೊಗೆಯೂ ಬೇಡ, ತಲೆ ಒಣಗಲು ಒಣ ಟವೆಲ್ ಸಾಕು.

ಹೊದಿಕೆ ಅತಿಯಾದರೆ ಮಳೆಯಲ್ಲೂ ಬೆವರುಸಾಲೆ ಏಳುತ್ತದೆ. ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ, ಬೆನ್ನ ಮೇಲ್ಭಾಗ ಮುಟ್ಟಿ ನೋಡಿ. ಬೆವೆತಿದ್ದರೆ ಒಂದು ಪದರ ತೆಗೆಯಿರಿ. ಉಣ್ಣೆ ನೇರ ಮೈಗೆ ತಾಗದಂತೆ ಒಳಗೊಂದು ಹತ್ತಿ ಅಂಗಿ ಇರಲಿ. ಕೀವು ತುಂಬಿದ ಗುಳ್ಳೆ ಎದ್ದರೆ, ಹೊಕ್ಕುಳ ಸುತ್ತ ಕೆಂಪಾಗಿ ವಾಸನೆ ಬಂದರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ ಥರ್ಮಾಮೀಟರಿನ 100.4 ಮುಟ್ಟಿದರೆ, ಮಳೆ ನಿಲ್ಲಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಎಲ್ಲ ಒರೆಸಿದ ಮೇಲೂ ಒದ್ದೆಯಾಗಿಯೇ ಉಳಿಯುವ ಒಂದು ವಸ್ತುವಿದೆ: ಉಡಿದಾರ. ಕಪ್ಪು ನೂಲು ನೀರು ಕುಡಿದು ದಿನವಿಡೀ ಸೊಂಟಕ್ಕೆ ಅಂಟಿಕೊಂಡಿರುತ್ತದೆ, ಅದರ ಕೆಳಗೆ ಕೆಂಪು ಗೆರೆ ಮೂಡಿ ತುರಿಕೆ ಶುರುವಾಗುತ್ತದೆ. ಕೈಗೆ ಕಟ್ಟಿದ ದೃಷ್ಟಿದಾರವೂ ಅಷ್ಟೆ. ಬಿಚ್ಚಲು ಹಿರಿಯರ ಮನಸ್ಸು ಒಪ್ಪದಿದ್ದರೆ ಎರಡು ದಾರ ಇಟ್ಟುಕೊಂಡು, ಸ್ನಾನಕ್ಕೆ ಮುಂಚೆ ಒಂದನ್ನು ಬಿಚ್ಚಿ, ಮೈ ಪೂರ್ತಿ ಆರಿದ ಮೇಲೆ ಒಣಗಿದ ಇನ್ನೊಂದನ್ನು ಎರಡು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿ.