ವಾಚು ನೋಡಿದ್ದಕ್ಕೆ ಕಾಕಾ ಎದ್ದು ಹೋದರು

ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ ನಮ್ಮದೊಂದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ ಇದೆ. ಎಣ್ಣೆ ಅಂದರೆ ಅಡುಗೆಯದ್ದಲ್ಲ, ಬೆಳೆಗೆ ಹೊಡೆಯುವ ಔಷಧಿ. ನಮ್ಮ ಕಡೆ ಹಾಗೇ ಅನ್ನುವುದು. ಇಲ್ಲಿ ವ್ಯಾಪಾರ ಅರ್ಧ, ಮಾತು ಅರ್ಧ. ರೈತ ಬಂದ ಕೂಡಲೇ ಇಂಥ ಡಬ್ಬಿ ಕೊಡು ಅನ್ನುವುದಿಲ್ಲ. ಮಳೆ, ಮಗಳ ಮದುವೆ, ಬತ್ತಿದ ಬೋರ್‌ವೆಲ್ ಎಲ್ಲ ಮುಗಿದ ಮೇಲೆ ಬೆಳೆಯ ವಿಷಯಕ್ಕೆ ಬರುತ್ತಾನೆ.

ಎರಡು ವರ್ಷದ ಹಿಂದೆ ಪುಣೆಯಲ್ಲಿರುವ ಅಳಿಯ ನನಗೊಂದು ಸ್ಮಾರ್ಟ್‌ವಾಚ್ ತಂದುಕೊಟ್ಟ. ಮೊದಲ ತಿಂಗಳು ಅದನ್ನು ಬಿಚ್ಚಲೇ ಇಲ್ಲ. ವಾಟ್ಸಾಪ್, ಫೇಸ್‌ಬುಕ್, ಬ್ಯಾಂಕಿನ ಮೆಸೇಜು, ಎಲ್ಲವೂ ಮಣಿಕಟ್ಟಿಗೇ ಬಂದು ಗುರ್ ಅನ್ನುತ್ತಿತ್ತು. ಕಿಸೆಯಿಂದ ಫೋನ್ ತೆಗೆಯುವ ಕೆಲಸ ಉಳಿಯಿತು ಅಂತ ಖುಷಿಯಾಗಿದ್ದೆ.

ಅದು ಅಕ್ಟೋಬರ್. ದ್ರಾಕ್ಷಿಗೆ ಕಟಿಂಗ್ ಆಗಿ ಹೊಸ ಚಿಗುರು ಬಂದ ಹೊತ್ತಿಗೆ ಮಳೆ ಹಿಡಿದಿತ್ತು. ತಿಕೋಟಾ ಕಡೆಯ ಕಾಕಾ ಒಬ್ಬರು ಅಂಗಡಿಗೆ ಬಂದರು. ಅಪ್ಪನ ಕಾಲದ ಗಿರಾಕಿ. ಚೀಲದಿಂದ ನಾಲ್ಕು ಎಲೆ ತೆಗೆದು, ತಿರುವಿ ಹಿಡಿದು, ಹಿಂದಿನ ಬಿಳಿ ಬೂಷ್ಟು ತೋರಿಸಿದರು. ದಾವಣಿ ರೋಗ. ಸಾಲ ಎಷ್ಟಾಗಿದೆ, ಹೋದ ವರ್ಷ ರೇಟು ಹೇಗೆ ಬಿತ್ತು ಅಂತ ಹೇಳತೊಡಗಿದರು. ಆಗ ಕೈ ಗುರ್ ಅಂತು. ನೋಡಿದೆ. ಮತ್ತೆ ಗುರ್. ಮತ್ತೆ ನೋಡಿದೆ. ಮೂರನೇ ಸಲಕ್ಕೆ ಕಾಕಾ ಎಲೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

"ನಿನಗ ಗಡಿಬಿಡಿ ಐತಿ ತಮ್ಮಾ. ನಾ ಆಮ್ಯಾಲ ಬರ್ತೀನಿ ತಗೊ."

ಬರಲಿಲ್ಲ. ಮೂರು ಸಲವೂ ನನ್ನ ಕೈಗೆ ಬಂದದ್ದು ಏನು ಗೊತ್ತೇ? ಬೀಗರ ಗ್ರೂಪಿನಲ್ಲಿ ಶುಭ ಮಧ್ಯಾಹ್ನದ ಹೂವಿನ ಚಿತ್ರಗಳು.

ಫೋನ್ ನೋಡಿದ್ದರೆ ಕಾಕಾ ಅಷ್ಟು ಬೇಜಾರಾಗುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಫೋನ್ ಈಗ ಎಲ್ಲರೂ ನೋಡುತ್ತಾರೆ. ಆದರೆ ಮಾತಿನ ನಡುವೆ ಕೈಗಡಿಯಾರ ನೋಡುವುದಕ್ಕೆ ನಮ್ಮಲ್ಲಿ ಮೊದಲಿಂದಲೂ ಒಂದೇ ಅರ್ಥ: ಸಾಕು, ಇನ್ನು ಏಳಪ್ಪ. ನಾನು ಮೆಸೇಜು ನೋಡಿದೆ. ಅವರಿಗೆ ಕಂಡದ್ದು ಟೈಮ್ ನೋಡಿದ್ದು.

ಆ ರಾತ್ರಿ ಸೆಟಿಂಗ್ಸ್ ಹಿಡಿದು ಕೂತೆ. ವಾಚಿಗೆ ಸ್ವಂತ ಬುದ್ಧಿ ಇಲ್ಲ. ಫೋನಿಗೆ ಬಂದದ್ದನ್ನು ಬ್ಲೂಟೂತ್ ಮೂಲಕ ಕೈಗೆ ದಾಟಿಸುತ್ತದೆ ಅಷ್ಟೆ. ಫೋನಿನಲ್ಲಿರುವ ವಾಚಿನ ಆ್ಯಪ್ ತೆರೆದರೆ ಯಾವುದು ದಾಟಬೇಕು, ಯಾವುದು ಬೇಡ ಅಂತ ಒಂದೊಂದಕ್ಕೂ ಗುಂಡಿ ಇದೆ. ಫೋನ್ ಕಾಲ್ ಒಂದನ್ನು ಬಿಟ್ಟು ಎಲ್ಲ ಬಂದ್ ಮಾಡಿದೆ. ಕೈ ಎತ್ತಿದಾಗ ಪರದೆ ತಾನೇ ಹೊತ್ತಿಕೊಳ್ಳುವುದನ್ನೂ ತೆಗೆದೆ. ಇದು ಸಣ್ಣದು ಅನಿಸಬಹುದು, ಆದರೆ ತಕ್ಕಡಿ ಮುಂದೆ ನಿಂತವನ ಕೈ ಎಷ್ಟು ಸಲ ಏಳುತ್ತದೆ! ಪ್ರತಿ ಸಲ ಬೆಳಕು ಬಂದರೆ ಎದುರಿನವರ ಕಣ್ಣೂ ಅಲ್ಲಿಗೇ ಹೋಗುತ್ತದೆ. ವಾಟ್ಸಾಪಿನಲ್ಲಿ ಗ್ರೂಪನ್ನು ಯಾವಾಗಲೂ ಮ್ಯೂಟ್ ಇಡುವ ಸೌಲಭ್ಯ 2020ರಿಂದ ಇದೆ. ಅದನ್ನೂ ಬಳಸಿದೆ.

ನೀಲಿ ಟಿಕ್ ತೆಗೆದದ್ದು ಮಾತ್ರ ತಪ್ಪಾಯಿತು. ರೈತರು ಎಲೆಯ ಫೋಟೋ ಕಳಿಸಿ ನೀಲಿಯಾಗಲಿ ಅಂತ ಕಾಯುತ್ತಾರೆ. ಆಗದಿದ್ದರೆ "ನೋಡಿದ್ಯೋ ಇಲ್ಲೋ" ಅಂತ ಫೋನ್. ಹದಿನೈದು ದಿನಕ್ಕೆ ವಾಪಸ್ ಹಾಕಿದೆ.

ಇನ್ನು ಹೆಜ್ಜೆಯ ಲೆಕ್ಕ. ದಿನಕ್ಕೆ 10,000 ಹೆಜ್ಜೆ ಅಂತ ವಾಚು ಗುರಿ ಕೊಡುತ್ತದಲ್ಲ, ಅದು ಡಾಕ್ಟರು ಬರೆದುಕೊಟ್ಟ ಸಂಖ್ಯೆ ಏನಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರಕ್ಕೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅನ್ನುವ ಅರ್ಥದ ಹೆಸರಿಟ್ಟು ಮಾರಿತು. ಹೆಸರೇ ಗುರಿಯಾಗಿ ಉಳಿಯಿತು. ಇದು ಗೊತ್ತಾಗುವ ಮೊದಲು ನಾನು ಬೆಳಗ್ಗೆ ಗೋಳಗುಮ್ಮಟದ ಆವರಣದಲ್ಲಿ ಗೆಳೆಯರನ್ನು ಹಿಂದೆ ಬಿಟ್ಟು ಓಡಿದಂತೆ ನಡೆಯುತ್ತಿದ್ದೆ. ಮಾತಾಡುತ್ತ ನಡೆದರೆ ನಂಬರ್ ಏರುವುದಿಲ್ಲ ಅಲ್ವಾ!

ಬೈಲಹೊಂಗಲದಲ್ಲಿರುವ ತಂಗಿ, ನಾನು, ಇನ್ನಿಬ್ಬರು ಸೇರಿ ಹೆಜ್ಜೆಯ ಪಂದ್ಯ ಹಚ್ಚಿದ್ದೆವು. ತಂಗಿ ಯಾವಾಗಲೂ ಮುಂದೆ. ಆಮೇಲೆ ಗುಟ್ಟು ತಿಳಿಯಿತು. ವಾಚು ಎಣಿಸುವುದು ಕಾಲನ್ನಲ್ಲ, ಕೈಯ ಅಲುಗಾಟವನ್ನು. ಅವಳು ವಾಚು ಕಟ್ಟಿಕೊಂಡೇ ಜೋಳದ ರೊಟ್ಟಿ ಬಡಿಯುತ್ತಿದ್ದಳು! ನಕ್ಕಿದ್ದೇ ನಕ್ಕಿದ್ದು. ಆದರೆ ಪಂದ್ಯ ಶುರುವಾದ ಮೇಲೆ ನಾವಿಬ್ಬರು ಫೋನ್ ಮಾಡುವುದೇ ನಿಂತಿತ್ತು. ಚಪ್ಪಾಳೆಯ ಚಿತ್ರ ಒತ್ತಿದರೆ ಮಾತಾಡಿದ ಹಾಗೆ ಅನಿಸುತ್ತಿತ್ತು.

ಒಂದು ವಾರ ಅವಳ ಲೆಕ್ಕ ನಾಲ್ಕು ದಿನ ಸೊನ್ನೆ. ಚಾರ್ಜರ್ ಕೆಟ್ಟಿರಬೇಕು ಅಂದುಕೊಂಡೆ. ನನ್ನ ನಂಬರ್ ಮೊದಲಿಗೆ ಬಂತು ಅಂತ ಒಳಗೊಳಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಐದನೇ ದಿನ ಅವ್ವ ಹೇಳಿದಳು: ತಂಗಿಗೆ ಡೆಂಗಿ, ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದ್ದಾರೆ. ಅವ್ವನ ಹತ್ತಿರ ಇರುವುದು ಗುಂಡಿಯ ಫೋನ್.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಮಾತಾಡಿಸಲು ಹೋದೆ. ನಮ್ಮ ಕಡೆ ಕಾಯಿಲೆಯವರನ್ನು, ಸಾವಾದ ಮನೆಯವರನ್ನು ನೋಡಲು ಹೋಗುವುದಕ್ಕೆ ಮಾತಾಡಿಸಿ ಬರೋದು ಅಂತಲೇ ಅನ್ನುತ್ತೇವೆ. ಅಲ್ಲಿ ಹೋಗಿ ಮಾತಾಡುವುದು ಕಡಿಮೆ, ಸುಮ್ನೆ ಕೂರುವುದೇ ಜಾಸ್ತಿ. ತಂಗಿ ಮಲಗಿದ್ದಲ್ಲಿಂದಲೇ ಕೇಳಿದಳು, "ಈ ವಾರ ನೀನ ಗೆದ್ದಿ ಹೌದಿಲ್ಲೋ ಅಣ್ಣಾ?" ನನ್ನ ಬಾಯಿ ಕಟ್ಟಿತು. ಪಂದ್ಯ ಬಿಡಲಿಲ್ಲ, ಒಂದು ಕರಾರು ಮಾಡಿಕೊಂಡೆವು. ಯಾರದಾದರೂ ನಂಬರ್ 1,000 ದಾಟದಿದ್ದರೆ ಅವತ್ತೇ ಫೋನ್. ಈಗ ಮಾತಾಡಬೇಕು ಅನಿಸಿದಾಗ ಅವಳು ಬೇಕಂತಲೇ ವಾಚು ಬಿಚ್ಚಿಡುತ್ತಾಳೆ.

ಈ ಸಲದ ವಿಜಯದಶಮಿಗೆ ಬನ್ನಿಯ ಚಿತ್ರ ಯಾರಿಗೂ ಕಳಿಸಲಿಲ್ಲ. ಕಿಸೆ ತುಂಬ ಬನ್ನಿ ಎಲೆ ಹಾಕಿಕೊಂಡು ಗಾಡಿ ಹತ್ತಿದೆ. ಹಿಂದಿನ ವರ್ಷ ನೂರಾರು ಜನಕ್ಕೆ ಕಳಿಸಿದ್ದೆ, ಈ ವರ್ಷ ಮುಗಿದದ್ದು ಒಂಬತ್ತು ಮನೆ. ಎರಡು ಮನೆಗೆ ಬೀಗ. ಒಂದು ಮನೆಯಲ್ಲಿ ಎಲ್ಲರೂ ಫೋನ್ ಹಿಡಿದು ಕೂತಿದ್ದರು, ಬನ್ನಿ ತೆಗೆದುಕೊಂಡು ಮತ್ತೆ ಫೋನಿಗೇ ಹೋದರು. ಹಾಗೂ ಆಗುತ್ತದೆ.

ಕೊನೆಗೆ ತಿಕೋಟಾ. ಕಾಕಾ ಅಂಗಳದಲ್ಲೇ ಇದ್ದರು. ಕಾಲಿಗೆ ನಮಸ್ಕಾರ ಮಾಡಿ ಬನ್ನಿ ಕೊಟ್ಟೆ, "ಬಂಗಾರದಂಗ ಇರೋಣ್ರಿ ಕಾಕಾ." ಅವರು ಹಳೆಯದನ್ನು ಎತ್ತಲಿಲ್ಲ. ಸೀದಾ ತೋಟಕ್ಕೆ ಕರೆದೊಯ್ದು ಸಾಲು ಸಾಲು ತೋರಿಸಿದರು. ವಾಪಸ್ ಬಂದಾಗ ಕತ್ತಲಾಗಿತ್ತು. ಊರಿಗೆ ಹೋಗಬೇಕಲ್ಲ ಅಂತ ಗುಂಡಿ ಒತ್ತಿ ವಾಚು ನೋಡಿದೆ. 7:40.

"ಮತ್ತ ಗಡಿಬಿಡಿ ಐತೇನೋ ತಮ್ಮಾ?" ಕಾಕಾ ನಗುತ್ತಿದ್ದರು.

"ಇಲ್ರಿ ಕಾಕಾ, ಟೈಮ್ ನೋಡಿದ್ನಿ ಅಷ್ಟ."

ಕಾಕಾ ಒಳಗೆ ಮುಖ ಮಾಡಿ, ಇನ್ನೊಮ್ಮೆ ಚಹಾ ಇಡಲು ಹೇಳಿದರು.