ಹೆಪಟೈಟಿಸ್ ಬಿ ಜೊತೆ ಇನ್ನೊಂದು ವೈರಸ್ ಸೇರ್ಕೊಂಡಿದೆಯಾ ಅಂತ ನೋಡ್ಕೊಳ್ಳೋದು ಹೇಗೆ

ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಗೊತ್ತಾಗಿ ವರ್ಷಗಳೇ ಆಗಿರುತ್ತೆ, ಆರು ತಿಂಗಳಿಗೊಂದ್ಸಲ ಎಲ್‌ಎಫ್‌ಟಿ (ಲಿವರ್ ಹೇಗೆ ಕೆಲ್ಸ ಮಾಡ್ತಿದೆ ಅಂತ ನೋಡೋ ರಕ್ತ ಪರೀಕ್ಷೆ) ಮಾಡಿಸ್ತಾ ಇರ್ತೀರ, ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಕಮ್ಮಿ ಇದೆ ಏನೂ ತೊಂದ್ರೆ ಇಲ್ಲ ಅಂತ ಹೇಳಿ ಕಳಿಸಿರ್ತಾರೆ, ಆದ್ರೆ ಅದೇ ಲಿವರ್‌ನಲ್ಲಿ ಇನ್ನೊಂದು ವೈರಸ್ ಇದೆಯಾ ಅಂತ ಮಾತ್ರ ಯಾರೂ ನೋಡಿರಲ್ಲ. ಹೆಪಟೈಟಿಸ್ ಡಿ, ಹೆಪಟೈಟಿಸ್ ಸಿ ಅಥವಾ ಎಚ್‌ಐವಿ ಜೊತೆಗೆ ಸೇರಿದ್ರೆ ಸಿರೋಸಿಸ್ (ಲಿವರ್ ಗಾಯ ಕಟ್ಟಿ ಗಟ್ಟಿಯಾಗೋದು) ಆಗೋದೂ ಬೇಗ, ಲಿವರ್ ಕ್ಯಾನ್ಸರ್ ಅಪಾಯನೂ ಜಾಸ್ತಿ. ಹಾಗಾಗಿ ಇದನ್ನ ನೀವೇ ಮುಂದೆ ನಿಂತು ಕೇಳಿ ಮಾಡಿಸ್ಕೊಬೇಕು.

ಮೊದ್ಲು ಹಳೇ ರಿಪೋರ್ಟ್ ಎಲ್ಲಾ ತೆಗೆದು ಆಂಟಿ ಎಚ್‌ಸಿವಿ (ಹೆಪಟೈಟಿಸ್ ಸಿ ಟೆಸ್ಟ್), ಎಚ್‌ಐವಿ, ಆಂಟಿ ಎಚ್‌ಡಿವಿ (ಡಿ ಟೆಸ್ಟ್), ಎಚ್‌ಎವಿ ಐಜಿಜಿ (ಹೆಪಟೈಟಿಸ್ ಎ ವಿರುದ್ಧ ರಕ್ಷಣೆ ಇದೆಯಾ ಅಂತ ನೋಡೋ ಟೆಸ್ಟ್) ಈ ನಾಲ್ಕು ಹೆಸ್ರು ಎಲ್ಲಾದ್ರೂ ಇದೆಯಾ ಹುಡುಕಿ. ಯಾವ್ದೋ ಆಪರೇಷನ್‌ಗೋ ಹೆರಿಗೆಗೋ ಮುಂಚೆ ಮಾಡಿದ್ದ ಸಿ ಮತ್ತೆ ಎಚ್‌ಐವಿ ಸಿಗಬಹುದು, ಉಳಿದೆರಡು ಸಿಗೋದು ಕಷ್ಟ. ಇಲ್ಲದೇ ಇರೋದನ್ನ ಒಂದು ಚೀಟಿಲಿ ಬರ್ಕೊಂಡು ಮುಂದಿನ ಸಲ ಡಾಕ್ಟ್ರ ಹತ್ರ ಹೋದಾಗ ನೇರವಾಗಿ ಕೇಳಿ.

ಇದ್ರಲ್ಲಿ ಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. 1977ರಲ್ಲಿ ಇಟಲಿಯ ಮಾರಿಯೊ ರಿಜೆಟ್ಟೊ ಕಂಡುಹಿಡಿದ ವೈರಸ್ ಇದು, ಇದಕ್ಕೆ ಸ್ವಂತ ಹೊದಿಕೆ ಇಲ್ಲ, ಬಿ ವೈರಸ್‌ನ ಹೊದಿಕೆ ಎರವಲು ತಗೊಂಡೇ ಹರಡೋದು, ಅಂದ್ರೆ ಬಿ ಇಲ್ದೋರಿಗೆ ಡಿ ಬರೋದೇ ಇಲ್ಲ. ನಮ್ಮಲ್ಲಿ ಅಪರೂಪ ನಿಜ, ಆದ್ರೆ ಹೆಪಟೈಟಿಸ್ ವೈರಸ್‌ಗಳಲ್ಲಿ ಲಿವರ್‌ನ ಅತೀ ಬೇಗ ಹಾಳ್ಮಾಡೋದು ಇದೇ. ಮೋಸ ಎಲ್ಲಿದೆ ಅಂದ್ರೆ ಡಿ ಬಂದ್ಮೇಲೆ ಅದು ಬಿ ವೈರಸ್‌ನ ಹತ್ತಿಕ್ಕುತ್ತೆ, ಆಗ ರಿಪೋರ್ಟಲ್ಲಿ ಬಿ ಡಿಎನ್‌ಎ, ಅಂದ್ರೆ ಬಿ ವೈರಲ್ ಲೋಡ್, ಕಮ್ಮಿ ಕಾಣುತ್ತೆ, ಎಲ್ರೂ ಸಮಾಧಾನ ಪಡ್ತಾರೆ, ಒಳಗೆ ಲಿವರ್ ಕೆಡ್ತಾನೇ ಇರುತ್ತೆ. ನಿಮ್ಮ ರಿಪೋರ್ಟಲ್ಲಿ ಡಿಎನ್‌ಎ ಕಮ್ಮಿ ಇದ್ದೂ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದ್ರೆ ರಕ್ತದಲ್ಲಿ ಏರೋ ಕಿಣ್ವ) ಮಾತ್ರ ಇಳಿತಾನೇ ಇಲ್ಲ ಅಂದ್ರೆ ಅಲ್ಲಿ ನಿಲ್ಲಿ. ಫ್ಯಾಟಿ ಲಿವರ್, ಕುಡಿತ, ಬೇರೆ ಮಾತ್ರೆಗಳಿಂದನೂ ಹಾಗಾಗಬಹುದು, ಆದ್ರೂ ಡಿ ಟೆಸ್ಟ್ ಮಾಡಿಸ್ದೆ ಫ್ಯಾಟಿ ಲಿವರ್ ಅಂತ ತೀರ್ಮಾನ ಮಾಡ್ಬೇಡಿ. ಆಂಟಿ ಎಚ್‌ಡಿವಿ ಪಾಸಿಟಿವ್ ಬಂದ್ರೆ ಎಚ್‌ಡಿವಿ ಆರ್‌ಎನ್‌ಎ ಟೆಸ್ಟ್ ಮಾಡಿಸ್ಬೇಕು, ಈಗ ವೈರಸ್ ಇದೆಯೋ ಇಲ್ವೋ ಅನ್ನೋದು ಅದ್ರಲ್ಲೇ ಗೊತ್ತಾಗೋದು. ಬಿ ಗೆ ಕೊಡೋ ಟೆನೋಫೋವಿರ್, ಎಂಟೆಕಾವಿರ್ ಡಿ ಮೇಲೆ ಕೆಲ್ಸ ಮಾಡಲ್ಲ, ಇದಕ್ಕೆ ಬೇರೆ ಚಿಕಿತ್ಸೆನೇ ಬೇಕು, ಹಾಗಾಗಿ ಲಿವರ್ ಸ್ಪೆಷಲಿಸ್ಟ್ ಹತ್ರನೇ ಹೋಗಿ.

ಸಿ ಇದ್ರೆ ಒಂದು ವಿಷಯದಲ್ಲಿ ಸಮಾಧಾನ, ಬಹುಪಾಲು ಜನಕ್ಕೆ 12 ವಾರದ ಮಾತ್ರೆಲಿ ಪೂರ್ತಿ ವಾಸಿ ಆಗುತ್ತೆ, 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರಿ ಸೆಂಟರ್‌ಗಳಲ್ಲಿ ಫ್ರೀಯಾಗೇ ಸಿಗುತ್ತೆ. ಆದ್ರೆ ಸಿ ಹೋಗ್ತಿದ್ದ ಹಾಗೆ ಅಲ್ಲೀತನಕ ಸುಮ್ನಿದ್ದ ಬಿ ಎದ್ದು ಕೂರಬಹುದು, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮಾತ್ರೆಗಳ ಮೇಲೆ ಇದೇ ಎಚ್ಚರಿಕೆ ಹಾಕಿಸ್ತು. ಸಿ ಮಾತ್ರೆ ಶುರು ಮಾಡೋಕೆ ಮುಂಚೆನೇ ನಂಗೆ ಬಿ ಇದೆ ಅಂತ ಬಾಯ್ಬಿಟ್ಟು ಹೇಳಿ.

ಎಚ್‌ಐವಿ ಟೆಸ್ಟ್‌ಗೆ ದಯವಿಟ್ಟು ಮುಜುಗರ ಬೇಡ. ಎಚ್‌ಐವಿ ಇರೋದು ಗೊತ್ತಿಲ್ದೆ ಬಿ ಗೆ ಅಂತ ಬರೀ ಎಂಟೆಕಾವಿರ್ ತಗೊಂಡ್ರೆ ಎಚ್‌ಐವಿ ಔಷಧಿಗೆ ಬಗ್ಗದ ಹಾಗೆ ಆಗ್ಬಿಡಬಹುದು. ಎಆರ್‌ಟಿ ಸೆಂಟರ್‌ನಲ್ಲಿ (ಎಚ್‌ಐವಿ ಚಿಕಿತ್ಸಾ ಕೇಂದ್ರ) ಕೊಡೋ ಮೂರು ಔಷಧಿ ಸೇರಿದ ಟಿಎಲ್‌ಡಿ ಮಾತ್ರೆಲಿ ಇರೋ ಟೆನೋಫೋವಿರ್, ಲಾಮಿವುಡಿನ್ ಎರಡೂ ವೈರಸ್ ಮೇಲೂ ಕೆಲ್ಸ ಮಾಡುತ್ತೆ. ಅದನ್ನ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಿದ್ರೆ ಬಿ ಒಮ್ಮೆಲೇ ಉಲ್ಬಣ ಆಗಬಹುದು.

ಇನ್ನು ಎ ಮತ್ತೆ ಇ, ಇವೆರಡೂ ಕೊಳಕು ನೀರಿಂದ ಬರೋದು. ಬೇರೆಯವ್ರಿಗೆ ಬಂದು ಹೋಗೋ ಕಾಮಾಲೆ ಆಗ್ಲೇ ಸೊರಗಿರೋ ಲಿವರ್‌ಗೆ ಬಂದ್ರೆ ಪ್ರಾಣಕ್ಕೇ ಕುತ್ತು. ಎಚ್‌ಎವಿ ಐಜಿಜಿ ನೆಗೆಟಿವ್ ಇದ್ರೆ ಹೆಪಟೈಟಿಸ್ ಎ ಲಸಿಕೆ ಹಾಕಿಸ್ಕೊಳ್ಳಿ. ಇ ಗೆ ಇಲ್ಲಿ ಲಸಿಕೆ ಸಿಗಲ್ಲ, ಅದಕ್ಕೆ ಕುದಿಸಿ ಆರಿಸಿದ ನೀರೇ ಗತಿ, ಮಳೆಗಾಲದಲ್ಲಂತೂ ಹೊರಗಡೆ ಪಾನಿಪುರಿ, ಐಸ್ ಹಾಕಿದ ಜ್ಯೂಸ್ ಬೇಡ. ಬಿ, ಸಿ, ಡಿ ರಕ್ತದಿಂದ ಹರಡೋದ್ರಿಂದ ಸಲೂನ್‌ನಲ್ಲಿ ಹೊಸ ಬ್ಲೇಡ್ ಕಣ್ಮುಂದೆನೇ ಹಾಕಿಸಿ, ಮನೇಲೂ ರೇಜರ್, ಬ್ರಷ್, ನೇಲ್ ಕಟರ್ ಬೇರೆಬೇರೆ ಇರ್ಲಿ.

ಕಣ್ಣು ಹಳದಿ ಆಯ್ತು ಅಂತ ನೆಲನೆಲ್ಲಿ ರಸ, ನಾಟಿ ಔಷಧಿ ಅಂತ ಊರೂರು ಸುತ್ತಿ ವಾರ ಕಳೀಬೇಡಿ. ಬಿ ಇರೋರಿಗೆ ಕಾಮಾಲೆ ಬಂದ್ರೆ ಅವತ್ತೇ ಪಿಟಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಟೆಸ್ಟ್) ಮಾಡಿಸಿ, ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ಒಂದನ್ನೇ ನೋಡಿದ್ರೆ ಸಾಲಲ್ಲ. ಹೊಟ್ಟೆ ಉಬ್ಬರಿಸ್ತಿದ್ರೆ, ಹಗಲೆಲ್ಲಾ ಮಂಪರು, ಮಾತು ಅಸಂಬದ್ಧ ಅಥವಾ ವಸಡಲ್ಲಿ ರಕ್ತ ಬರ್ತಿದ್ರೆ ಓಪಿಡಿ ಟೋಕನ್‌ಗೆ ಕಾಯದೆ ಸೀದಾ ಎಮರ್ಜೆನ್ಸಿಗೆ ಕರ್ಕೊಂಡ್ಹೋಗಿ, ಹಳೇ ರಿಪೋರ್ಟ್ ಫೈಲ್ ಕೈಲಿರ್ಲಿ.