ಲೈಟ್ ಬರುತ್ತೆ, ಪೋರ್ಟ್ ಮಾತ್ರ ಕಾಣಲ್ಲ

ಆರ್ಡುಯಿನೊ ನ್ಯಾನೊ ಅನ್ನುವ, ನಾವೇ ಪ್ರೋಗ್ರಾಂ ಹಾಕುವ ಪುಟ್ಟ ಬೋರ್ಡಿನ ಕೆಂಪು ಲೈಟ್ ಹತ್ತಿದೆ ಅಂದರೆ ಅದಕ್ಕೆ 5 ವೋಲ್ಟ್ ಬಂದಿದೆ, ಅಷ್ಟೇ. ಕಂಪ್ಯೂಟರ್ ಜೊತೆ ಅದು ಮಾತಾಡುತ್ತಿದೆಯೋ ಇಲ್ಲವೋ ಅನ್ನುವುದು ಬೇರೆಯೇ ವಿಷಯ. ನಮ್ಮ ಲ್ಯಾಬಿನಲ್ಲಿ ಪ್ರಾಜೆಕ್ಟ್ ಸಮಯ ಬಂದರೆ ಹುಡುಗರು ಒಬ್ಬರ ಹಿಂದೆ ಒಬ್ಬರು ಆರ್ಡುಯಿನೊ ನ್ಯಾನೊ ಹಿಡಿದುಕೊಂಡು ಬರುತ್ತಾರೆ. "ಸರ್, ಲೈಟ್ ಬರ್ತಿದೆ, ಪೋರ್ಟ್ ತೋರಿಸ್ತಿಲ್ಲ. ಡ್ರೈವರ್ ಎಲ್ಲ ತೆಗೆದು ಮತ್ತೆ ಹಾಕಿದ್ವಿ." ಬೋರ್ಡ್ ಚುಚ್ಚಿದಾಗ ಕಂಪ್ಯೂಟರಿನ ಪಟ್ಟಿಯಲ್ಲಿ ಬರಬೇಕಾದ ಹೆಸರೇ ಈ ಪೋರ್ಟ್; ಡ್ರೈವರ್ ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್. ಡ್ರೈವರ್ ಹತ್ತಿರ ನಾನು ಹೋಗುವುದೇ ಕೊನೆಗೆ.

ಇವು ಬಹುಪಾಲು ಕಡಿಮೆ ಬೆಲೆಯ ಕ್ಲೋನ್‌ಗಳು, ಅಂದರೆ ನಕಲು ಬೋರ್ಡುಗಳು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಲ್ಲೋ ಕೊಂಡವು. ಮೇಲೆ ಕಾಣುವ, ನಿಮ್ಮ ಪ್ರೋಗ್ರಾಂ ಓಡಿಸುವ ಎಟಿಮೆಗಾ328ಪಿ ಚಿಪ್‌ಗೆ ಯುಎಸ್‌ಬಿ ಬರುವುದೇ ಇಲ್ಲ. ಬೋರ್ಡ್ ತಿರುಗಿಸಿದರೆ ಅಡಿಯಲ್ಲಿ ಯುಎಸ್‌ಬಿಯನ್ನು ಸೀರಿಯಲ್ ಆಗಿ ಬದಲಿಸುವ 16 ಕಾಲಿನ ಚಿಪ್ ಸಿಎಚ್340ಜಿ ಕೂತಿರುತ್ತದೆ. ಕಂಪ್ಯೂಟರಿಗೆ ಕಾಣಬೇಕಾದದ್ದು ಅದು. ಹಾಗಾಗಿ ನಿಮ್ಮ ಪ್ರೋಗ್ರಾಂ ಕೆಟ್ಟಿದ್ದರೂ, ಬೂಟ್‌ಲೋಡರ್ (ಹೊಸ ಪ್ರೋಗ್ರಾಂ ಒಳಗೆ ತೆಗೆದುಕೊಳ್ಳುವ ಪುಟ್ಟ ಪ್ರೋಗ್ರಾಂ) ಇಲ್ಲದೇ ಹೋದರೂ ಪೋರ್ಟ್ ಬರಲೇಬೇಕು. ಪೋರ್ಟೇ ಬರದಿದ್ದರೆ ಕೋಡ್ ನೋಡುತ್ತಾ ಕೂರುವುದು ದಂಡ.

ನಾನು ಲಿನಕ್ಸ್ ಮಷೀನಿನಲ್ಲಿ 'ಡಿಮೆಸೆಜ್' ಆಜ್ಞೆಯನ್ನು (dmesg -w) ಓಡಿಸಿಟ್ಟು, ಆಮೇಲೆ ಬೋರ್ಡ್ ಚುಚ್ಚುತ್ತೇನೆ. ಲಿನಕ್ಸಿನ ತಿರುಳಾದ ಕರ್ನಲ್ ಏನನ್ನುತ್ತದೆ ಅನ್ನುವುದು ಆಗಿಂದಾಗಲೇ ಕಾಣುತ್ತದೆ. ಒಂದು ಸಾಲೂ ಬರಲಿಲ್ಲವೋ, ಆಗ ತಪ್ಪು ಕೇಬಲ್, ಬೋರ್ಡಿನ ಯುಎಸ್‌ಬಿ ಜ್ಯಾಕ್ ಅಥವಾ ಚಿಪ್‌ನಲ್ಲಿದೆ. ಏಕೆಂದರೆ ಸಿಎಚ್340 ಒಳಗಿನ 1.5 ಕಿಲೋ ಓಮ್ ರೆಸಿಸ್ಟರ್ ಯುಎಸ್‌ಬಿಯ ಎರಡು ಡೇಟಾ ತಂತಿಗಳಲ್ಲಿ ಒಂದಾದ ಡಿ-ಪ್ಲಸ್ ತಂತಿಯನ್ನು 3.3 ವೋಲ್ಟ್‌ಗೆ ಎಳೆದಾಗಲೇ ಕಂಪ್ಯೂಟರಿಗೆ "ಯಾರೋ ಬಂದರು" ಅಂತ ಗೊತ್ತಾಗುವುದು. ಡ್ರೈವರ್ ಪ್ರಶ್ನೆ ಅದಾದ ಮೇಲಿನದು. ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಚುಚ್ಚಿ. ಪಟ್ಟಿ ಒಂದು ಸಲವೂ ಅಲುಗಾಡದಿದ್ದರೆ ಇದೇ ಅರ್ಥ.

ಮೊದಲ ಅನುಮಾನ ಕೇಬಲ್ ಮೇಲೆ. ಇಯರ್‌ಫೋನ್, ಟ್ರಿಮ್ಮರ್ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಕೆಂಪು, ಕಪ್ಪು ಎರಡೇ ತಂತಿ. ಡೇಟಾದ ಬಿಳಿ, ಹಸಿರು ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ನಾನು ಕೇಬಲ್ ಮತ್ತು ಜ್ಯಾಕ್ ಎರಡನ್ನೂ ಒಟ್ಟಿಗೇ ಪರೀಕ್ಷೆ ಮಾಡುತ್ತೇನೆ. ಕೇಬಲ್ಲಿನ ಚಿಕ್ಕ ತುದಿ ನ್ಯಾನೊದಲ್ಲಿ, ದೊಡ್ಡ ತುದಿ ಎಲ್ಲಿಗೂ ಸಿಕ್ಕಿಸದೆ ಮೇಜಿನ ಮೇಲೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಪ್ರೋಬಿಗೆ ಹೊಲಿಗೆ ಸೂಜಿ ಸುತ್ತಿಕೊಳ್ಳುತ್ತೇನೆ. ದೊಡ್ಡ ತುದಿಯ ನಾಲ್ಕು ಪಟ್ಟಿಗಳಲ್ಲಿ ಆಚೀಚಿನ ಎರಡು ಕರೆಂಟಿನವು, ನಡುವಿನ ಎರಡು ಡೇಟಾದವು. ನಡುವಿನ ಒಂದೊಂದಕ್ಕೂ ಒಂದು ಪ್ರೋಬ್, ಸೂಜಿಯ ಮೊನೆ ಸಿಎಚ್340ಜಿಯ 5 ಮತ್ತು 6ನೇ ಕಾಲಿಗೆ. 5 ಡಿ-ಪ್ಲಸ್, 6 ಡಿ-ಮೈನಸ್. ಎರಡೂ ಕಡೆ ಬೀಪ್ ಬಂದರೆ ದಾರಿ ಸರಿಯಿದೆ.

ಹೋದ ಸೆಮಿಸ್ಟರಿನಲ್ಲಿ ಬಂದ ಒಂದು ಬೋರ್ಡಿನಲ್ಲಿ 5ಕ್ಕೆ ಬೀಪ್ ಬಂತು, 6ಕ್ಕೆ ಇಲ್ಲ. ಮಿನಿ ಯುಎಸ್‌ಬಿ ಜ್ಯಾಕನ್ನು ಹೆಬ್ಬೆರಳಲ್ಲಿ ಒತ್ತಿದರೆ ಬೀಪ್, ಬಿಟ್ಟರೆ ಸದ್ದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಜ್ಯಾಕಿನ ಕಾಲಿನ ಸುತ್ತ ಕೂದಲೆಳೆಯಂಥ ಬಿರುಕು. ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಸೋಲ್ಡರಿಂಗ್ ಐರನ್ನಿನ ಚೂಪು ಬಿಟ್‌ನಲ್ಲಿ ಒಮ್ಮೆ ಮುಟ್ಟಿಸಿದೆ. ಹೊಸ ಬೆಸುಗೆ ಸೀಸ ಹಾಕಲಿಲ್ಲ; ಅಲ್ಲಿ ಜಾಸ್ತಿ ಸೀಸ ಹೋದರೆ ಪಕ್ಕದ ಕಾಲಿಗೆ ಅಂಟಿಕೊಂಡು ಇನ್ನೊಂದು ತಲೆನೋವು. ಮರುಕ್ಷಣವೇ ಪೋರ್ಟ್ ಬಂತು. ಆ ಹುಡುಗ ಅಷ್ಟರಲ್ಲಿ ವಿಂಡೋಸನ್ನೇ ಹೊಸದಾಗಿ ಹಾಕಿಯಾಗಿತ್ತು, ಪಾಪ.

ಇನ್ನು ಕೆಲವು ಬೋರ್ಡುಗಳು ಅರ್ಧ ಮಾತಾಡುತ್ತವೆ. ಡಿಮೆಸೆಜ್‌ನಲ್ಲಿ "ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ -71" ಅಂತ ಬರುತ್ತದೆ. ವಿಂಡೋಸಿನಲ್ಲಿ ಇದು "ಅನ್‌ನೋನ್ ಯುಎಸ್‌ಬಿ ಡಿವೈಸ್" ಆಗಿ ಕಾಣುತ್ತದೆ. ಅಂದರೆ ಬಂದವರ ಸುಳಿವು ಸಿಕ್ಕಿದೆ, ಹೆಸರು ಕೇಳಿದರೆ ಉತ್ತರ ಸರಿಯಾಗಿಲ್ಲ. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೇ ಹಾಕಿ, ಗಿಡ್ಡ ಕೇಬಲ್ ಬಳಸಿ ನೋಡುತ್ತೇನೆ. ಆಗಲೂ ಹಾಗೇ ಇದ್ದರೆ ಚಿಪ್ಪಿಗೆ ತಾಳ ಹಾಕಿಕೊಡುವ, 7 ಮತ್ತು 8ನೇ ಕಾಲಿನ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಕಡೆ ಗಮನ. ಬೋರ್ಡ್ ಕೆಳಗೆ ಬಿದ್ದಿತ್ತಾ ಅಂತ ಕೇಳಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಕ್ರಿಸ್ಟಲ್‌ಗೆ ಬೀಳುವುದು ಆಗಿಬರುವುದಿಲ್ಲ. ಸಿಎಚ್340ಸಿ ಇರುವ ಬೋರ್ಡಾದರೆ ಕ್ಲಾಕ್ ಚಿಪ್ಪಿನೊಳಗೇ ಇದ್ದು ಹೊರಗಿನ ಕ್ರಿಸ್ಟಲ್ ಬೇಕಿಲ್ಲದಿರುವುದರಿಂದ ಈ ರಗಳೆ ಇಲ್ಲ.

ಸಿಎಚ್340ರ ಗುರುತಿನ ಸಂಖ್ಯೆಯಾದ 1ಎ86:7523 ಅನ್ನುವ ಐಡಿ ಕಂಡಿತೆಂದರೆ ಹಾರ್ಡ್‌ವೇರ್ ಬಹುತೇಕ ಪಾಸು. ಈಗ ಡ್ರೈವರ್ ಮಾತಾಡಬಹುದು. ಲಿನಕ್ಸಿನಲ್ಲಿ ಅದು ಮೊದಲೇ ಇರುತ್ತದೆ, ಹೆಸರು ಸಿಎಚ್341 ಅಂತ. ಹೆಸರು ನೋಡಿ ಗಾಬರಿ ಬೇಡ, 340ಕ್ಕೂ ಅದೇ. ಆದರೆ ಲಿನಕ್ಸಿನದೇ ಒಂದು ರೂಪವಾದ ಉಬುಂಟು 22.04ರಲ್ಲಿ ಒಂದು ತಮಾಷೆ ಇದೆ. ಪೋರ್ಟ್ ಬಂದು, ಒಂದೇ ಕ್ಷಣದಲ್ಲಿ ಮಾಯ. ಅಂಧರಿಗೆ ಬ್ರೈಲ್ ಉಪಕರಣ ಜೋಡಿಸಿಕೊಡುವ 'ಬಿಆರ್‌ಎಲ್‌ಟಿಟಿವೈ' ಅನ್ನುವ ಪ್ರೋಗ್ರಾಂ ಇದೇ ಐಡಿಯನ್ನು ತನ್ನದು ಅಂದುಕೊಂಡು ಎತ್ತಿಕೊಂಡು ಬಿಡುತ್ತದೆ. ಒಂದು ಬ್ರೈಲ್ ಉಪಕರಣದ ಐಡಿಯೂ ಇದೇ ಆಗಿರುವುದು ಕಾರಣ. ಸುಮ್ನೆ ಅದನ್ನು ತೆಗೆದುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಸ್ವಂತ ಲ್ಯಾಪ್‌ಟಾಪ್ ಆದರೆ ಸರಿ. ಲ್ಯಾಬಿನ ಮಷೀನ್ ನಾಳೆ ಬ್ರೈಲ್ ಓದುವ ವಿದ್ಯಾರ್ಥಿಗೂ ಬೇಕಾಗಬಹುದು, ಅಲ್ವಾ? ನಾನು, ಉಪಕರಣ ಚುಚ್ಚಿದಾಗ ಏನಾಗಬೇಕೆಂದು ಹೇಳುವ ಯುಡೆವ್ ನಿಯಮಗಳ ಫೈಲಿನಲ್ಲಿ ಆ ಐಡಿ ಇರುವ ಸಾಲಿನ ಮುಂದೆ ಮಾತ್ರ ಹ್ಯಾಶ್ (#) ಗುರುತು ಹಾಕಿ, ಆ ಸಾಲು ಕೆಲಸ ಮಾಡದಂತೆ ಮಾಡುತ್ತೇನೆ.

ಪೋರ್ಟ್ ಇದ್ದೂ "ಪರ್ಮಿಷನ್ ಡಿನೈಡ್" ಅಂದರೆ ಯೂಸರನ್ನು, ಪೋರ್ಟ್ ಬಳಸಲು ಅನುಮತಿ ಇರುವ 'ಡಯಲ್ಔಟ್' ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಒಳಗೆ ಬಂದರೆ ಮುಗಿಯಿತು.

ಚಿಪ್ಪೇ ಸತ್ತಿರುವುದೂ ಉಂಟು. ಹೆಚ್ಚಾಗಿ ಮೋಟಾರಿನ 12 ವೋಲ್ಟ್ ತಪ್ಪಿ 5 ವೋಲ್ಟಿನ ಪಿನ್ನಿಗೆ ತಾಗಿದ ಬೋರ್ಡುಗಳು. ಮುಟ್ಟಿದರೆ ಸಿಎಚ್340 ಬೆರಳು ಸುಡುತ್ತದೆ. ಆಗ ಎಟಿಮೆಗಾ ಉಳಿದಿದ್ದರೂ ಉಳಿದಿರಬಹುದು. ಕೆಟ್ಟ ಚಿಪ್ಪನ್ನು ಬಿಸಿಗಾಳಿಯಲ್ಲಿ ಎತ್ತಿಬಿಟ್ಟು, ಹೊರಗಿನ ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನ ಟಿಎಕ್ಸ್ (ಡೇಟಾ ಕಳಿಸುವ ಪಿನ್) ಅನ್ನು ಬೋರ್ಡಿನ ಡೇಟಾ ಪಡೆಯುವ ಆರ್‌ಎಕ್ಸ್‌ಗೂ, ಆರ್‌ಎಕ್ಸ್ ಅನ್ನು ಟಿಎಕ್ಸ್‌ಗೂ ಕೊಡುತ್ತೇನೆ. 5 ವೋಲ್ಟ್, ಗ್ರೌಂಡ್ ಸೇರಿಸಿ, ಅಪ್‌ಲೋಡ್‌ಗೆ ಮುಂಚೆ ರಿಸೆಟ್ ಮಾಡಿಸುವ ಡಿಟಿಆರ್ ತಂತಿಯನ್ನು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ರಿಸೆಟ್ ಪಿನ್ನಿಗೆ ಎಳೆಯುತ್ತೇನೆ. ಕೆಪಾಸಿಟರ್ ಸಿಗದಿದ್ದರೆ ಅಪ್‌ಲೋಡ್ ಶುರುವಾಗುವ ಹೊತ್ತಿಗೆ ರಿಸೆಟ್ ಬಟನ್ ಕೈಯಲ್ಲೇ ಒತ್ತಿ ಬಿಡಬೇಕು. ಹೀಗೆ ಉಳಿಸಿಕೊಂಡ ಒಂದು ನ್ಯಾನೊ ಈಗ ನಮ್ಮ ಲ್ಯಾಬಿನ ನೀರಿನ ಟ್ಯಾಂಕಿನ ಮಟ್ಟ ನೋಡಿಕೊಳ್ಳುತ್ತಿದೆ.